ಆಕೆ ಯಾರೆಂದು ಆಕೆಯನ್ನೇ ಕೇಳಿ

1950ರಲ್ಲಿ ಗಜೇಂದ್ರಗಡದಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ಓಣಿಗೆ ಸೊಸೆಯಾಗಿ ಹೋದ ಹೆಂಗಸೊಬ್ಬಳು ಊರು ಬಿಟ್ಟು ಕದಲದೆಯೇ ಎಷ್ಟು ವಿಳಾಸ ಕಂಡಳು ನೋಡಿ. ಹುಟ್ಟಿದಾಗ ಮುಂಬಯಿ ರಾಜ್ಯ. 1956ಕ್ಕೆ ಮೈಸೂರು ರಾಜ್ಯ. 1973ರ ನವೆಂಬರ್ 1ಕ್ಕೆ ಕರ್ನಾಟಕ. 1997ಕ್ಕೆ ಧಾರವಾಡ ಹೋಗಿ ಗದಗ ಜಿಲ್ಲೆ. 2018ಕ್ಕೆ ರೋಣ ಹೋಗಿ ಗಜೇಂದ್ರಗಡವೇ ತಾಲ್ಲೂಕು. ನಾಡು ತನ್ನ ಹೆಸರನ್ನು ಹೋರಾಡಿ ಪಡೆಯಿತು. ಅದು ನ್ಯಾಯವಾದ ಹೋರಾಟ, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಈ ಹೆಂಗಸಿನ ಹೆಸರು? ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈ ಪದ್ಧತಿ ಇದೆ. ಅವ್ವ ಕರೆದ ಹೆಸರು ತವರಿನಲ್ಲೇ ಉಳಿಯಿತು. ನಿನಗೆ ಇದು ಒಪ್ಪಿಗೆಯೇ ಎಂದು ಆಕೆಯನ್ನು ಕೇಳಿದವರಿಲ್ಲ.

ಮನುಷ್ಯ ಬೆಳೆಯುತ್ತ, ದುಡಿಯುತ್ತ, ಏಟು ತಿನ್ನುತ್ತ ತಾನು ಯಾರೆಂದು ಕಂಡುಕೊಳ್ಳುತ್ತಾನೆ ಎಂದು ಓದಿದವರು ಹೇಳುತ್ತಾರೆ. ಗಜೇಂದ್ರಗಡ, ರೋಣ, ನರಗುಂದ ಎಂಬ ನಮ್ಮ ಮೂರು ತಾಲ್ಲೂಕಿನ ಗಂಡಸಿಗೆ ಇದು ತಕ್ಕಮಟ್ಟಿಗೆ ನಿಜ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಹೊಲದ ಒಡೆಯನಾದ. ಮಲಪ್ರಭೆಯ ಕಾಲುವೆ ಬಂದಾಗ ಹತ್ತಿ ಬೆಳೆದ, ಬೆಲೆ ಬಿದ್ದಾಗ ಸಾಲಗಾರನಾದ. ಅಭಿವೃದ್ಧಿ ಕರ ಕಟ್ಟು ಎಂದು ಸರ್ಕಾರ ಬೆನ್ನು ಹತ್ತಿದಾಗ, 1980ರ ಜುಲೈ 21ರಂದು ನರಗುಂದದ ಬೀದಿಯಲ್ಲಿ ಬಂಡಾಯಗಾರನಾದ. ಅಂದು ಪೊಲೀಸರ ಗುಂಡು ತಗಲಿ ಬಿದ್ದ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಹುತಾತ್ಮರಾದರು. ಜಾತಿಗಳಲ್ಲಿ ಹಂಚಿಹೋಗಿದ್ದವರು 'ನಾವು ರೈತರು' ಎಂದು ಎದ್ದು ನಿಂತರು. ಆ ಸಿಟ್ಟು ನಾಡೆಲ್ಲ ಹಬ್ಬಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು.

ಅದೇ ವರ್ಷಗಳಲ್ಲಿ ಆ ಗಂಡಸಿನ ಹೆಂಡತಿ ಏನಾದಳು? ಗೇಣಿದಾರನ ಹೆಂಡತಿ, ಒಡೆಯನ ಹೆಂಡತಿ, ಸಾಲಗಾರನ ಹೆಂಡತಿ, ಆರೋಪಿಯ ಹೆಂಡತಿ, ಕೊನೆಗೆ ವಿಧವೆ. ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿಯಲ್ಲಿ ಗಂಡನ ಹೆಸರಿತ್ತು. ಆತ ಸತ್ತ ಮೇಲೆ ವಾರಸಾ ಆಗುವಾಗ ಗಂಡುಮಕ್ಕಳ ಹೆಸರು ಏರಿತು. ಕಳೆ ಕಿತ್ತವಳು, ಬಿತ್ತುವಾಗ ಕೂರಿಗೆಯ ಹಿಂದೆ ನಡೆದವಳು, ಹತ್ತಿ ಬಿಡಿಸಿದವಳು ಉತಾರದ ಒಂದು ಸಾಲಿಗೂ ಬರಲಿಲ್ಲ. ಉತಾರದಲ್ಲಿ ಹೆಸರಿಲ್ಲದಿದ್ದರೆ ಬೆಳೆಸಾಲವಿಲ್ಲ, ಬೆಳೆವಿಮೆಯಿಲ್ಲ, ಪರಿಹಾರವಿಲ್ಲ. ಕಚೇರಿಗೆ ಹೋದರೆ ಮೊದಲು ಬರುವ ಮಾತೇ 'ಗಂಡನ ಹೆಸರೇನಬೇ?'

ರೋಣದ ಎರೆಹೊಲಗಳಲ್ಲಿ ಮಂಜಿನ ಹೊತ್ತಿಗೆ ಕಡಲೆ ಕೀಳುವ ಕೂಲಿ ಹೆಂಗಸರ ಕೈ ನೋಡಿ. ಗಿಡದ ಹುಳಿ ಹತ್ತಿ ಹತ್ತಿ ಬೆರಳು ಸೀಳಿರುತ್ತವೆ, ಗೆರೆ ಅಳಿಸಿರುತ್ತವೆ. ಆ ಬೆರಳನ್ನೇ ರೇಷನ್ ಅಂಗಡಿಯ ಯಂತ್ರದ ಮೇಲೆ ಒತ್ತಿದರೆ ಯಂತ್ರ ಒಪ್ಪುವುದಿಲ್ಲ, ನಾಳೆ ಬಾ ಎನ್ನುತ್ತಾರೆ. ನಮ್ಮ ಹೊಟ್ಟೆಗಾಗಿ ಸವೆದ ಕೈಯದು. ನಾಡಿಗೆ ಅನ್ನ ಕೊಡುವ ದುಡಿಮೆಯೇ ಅವಳ ಗುರುತನ್ನು ಅಳಿಸುತ್ತಿದ್ದರೆ ಅದು ಯಾರ ಅಪರಾಧ?

2016ರ ಜುಲೈನಲ್ಲಿ ಮಹದಾಯಿ ನೀರಿನ ಹೋರಾಟ ಕಾವೇರಿದಾಗ, ಪಕ್ಕದ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಬಡಿದರು. ಲಾಠಿಗೆ ಅವಳು ರೈತಳೆಂದು ಗೊತ್ತಾಯಿತು. ತಹಶೀಲ್ದಾರ ಕಚೇರಿಗೆ ಇನ್ನೂ ಗೊತ್ತಾಗಿಲ್ಲ.

ಇದಕ್ಕಿಂತ ಕ್ರೂರವಾದದ್ದೂ ಇದೆ. ಗಜೇಂದ್ರಗಡದ ಮಗ್ಗಗಳಲ್ಲಿ ನೇಯುತ್ತಿದ್ದ ಪಟ್ಟೇದ ಅಂಚಿನ ಸೀರೆ ಈಗ ಪೇಟೆಯ ಅಂಗಡಿಗಳಲ್ಲಿ ಪರಂಪರೆಯೆಂದು ಮಾರಾಟವಾಗುತ್ತಿದೆ. ಆ ಸೀರೆಯನ್ನು ಯಲ್ಲಮ್ಮನಿಗೆ ಅರ್ಪಿಸುತ್ತಿದ್ದವರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳೂ ಇದ್ದರು. ಸೀರೆ ಉಳಿಸಲು ಜನ ಮುಂದೆ ಬಂದರು, ಒಳ್ಳೆಯದೇ. ಏನೂ ತಿಳಿಯದ ವಯಸ್ಸಿನಲ್ಲಿ, ಹೆಚ್ಚಾಗಿ ದಲಿತ ಕೇರಿಗಳಲ್ಲಿ, ಮುತ್ತು ಕಟ್ಟಿಸಿಕೊಂಡವಳನ್ನು ಉಳಿಸಲು ಎಷ್ಟು ಜನ ಬಂದರು? 1982ರಲ್ಲಿ ಈ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂತು. ಆದರೂ ಅವಳ ಮಗ ಶಾಲೆಗೆ ಹೋದಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಉಳಿಯುತ್ತಿತ್ತು, ಇಡೀ ತರಗತಿ ತಿರುಗಿ ನೋಡುತ್ತಿತ್ತು. ತಂದೆಯ ಹೆಸರು ಕಡ್ಡಾಯವಲ್ಲ ಎಂದು ವಿಧಾನಮಂಡಲ ಕಾಯ್ದೆಯ ಮಾತಾಗಿ ಹೇಳಿದ್ದು 2025ರಲ್ಲಿ. ಅಷ್ಟರಲ್ಲಿ ಆ ಮಕ್ಕಳಲ್ಲಿ ಎಷ್ಟೋ ಜನ ತಾವೇ ತಂದೆ-ತಾಯಿಯರಾಗಿದ್ದರು. ಪಿಂಚಣಿಗಾಗಿ ಅವಳು ಇಂದಿಗೂ 'ಮಾಜಿ ದೇವದಾಸಿ' ಎಂದೇ ಬರೆಸಬೇಕು. ಊರು ಹಣೆಗೆ ಒತ್ತಿದ ಮುದ್ರೆಯನ್ನು ಸರ್ಕಾರ ಸಾಯುವವರೆಗೂ ಕಾಗದದ ಮೇಲೆ ಒತ್ತುತ್ತಲೇ ಇದೆ.

ಹಾಗೆಂದು ಅವಳು ಬದಲಾಗಿಲ್ಲ ಎಂದುಕೊಳ್ಳಬೇಡಿ. ದೇವದಾಸಿ ಮಹಿಳೆಯರು ತಾವೇ ವಿಮೋಚನಾ ಸಂಘ ಕಟ್ಟಿಕೊಂಡು, ತಮ್ಮ ಹಕ್ಕಿನ ಪಟ್ಟಿ ಹಿಡಿದು ಕಚೇರಿಗಳ ಮುಂದೆ ಕುಳಿತರು. ಮುತ್ತು ಕಟ್ಟಿದವರೂ ಕಾಯ್ದೆ ಬರೆದವರೂ ಕೊಡದ ಗುರುತನ್ನು ಅಲ್ಲಿ ಅವರೇ ಗಳಿಸಿಕೊಂಡರು.

ಈಗ ನಮ್ಮ ಬೇಡಿಕೆ ಕೇಳಿ. ಗಂಡ ಬದುಕಿರುವಾಗಲೇ ಉತಾರದಲ್ಲಿ ಹೆಂಡತಿಯ ಹೆಸರು ಏರಬೇಕು. ಹೊಲವಿಲ್ಲದ ಕೂಲಿಯವಳನ್ನೂ ರೈತಳೆಂದು ಬರೆದುಕೊಳ್ಳಬೇಕು. ಮಗಳಿಗೆ ಸಮಪಾಲು ಎಂದು ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ ಮೇಲೆಯೂ, ಕುಪ್ಪಸದ ಕಣ ಕೊಟ್ಟು ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆತಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಅಣ್ಣತಮ್ಮಂದಿರು ನಮ್ಮ ಮೂರೂ ತಾಲ್ಲೂಕಿನಲ್ಲಿದ್ದಾರೆ. ಆ ಪತ್ರ ನೋಂದಾಯಿಸುವ ಮೊದಲು ಅಧಿಕಾರಿ ಆ ಅಣ್ಣತಮ್ಮಂದಿರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಆಕೆಯೊಬ್ಬಳನ್ನೇ ಕೂರಿಸಿಕೊಂಡು ಓದಿ ಹೇಳಲಿ. ಆಕೆ ಒಲ್ಲೆ ಎಂದರೆ ಅಲ್ಲಿಯೇ ಆ ಕಾಗದ ಹರಿಯಲಿ.