ತಂತ್ರಾಂಶಕ್ಕೂ ಸಾಮಗ್ರಿ ಪಟ್ಟಿ ಬೇಕು

ಕಚ್ಚಾ ಸಾಮಗ್ರಿಯ ಒಂದು ಬ್ಯಾಚಿನಲ್ಲಿ ದೋಷ ಕಂಡುಬಂದರೆ ಅದು ಯಾವ ಯಾವ ಸರಕಿನಲ್ಲಿ ಸೇರಿದೆಯೆಂಬುದನ್ನು ಉತ್ಪಾದಕರು ದಾಸ್ತಾನು ಪುಸ್ತಕದಿಂದ ತಿಳಿಯಬಲ್ಲರು. ಆದರೆ ಬಿಲ್ಲಿಂಗ್‌ಗೆಂದು ಕೊಂಡ ಅಥವಾ ಯಂತ್ರದಲ್ಲಿ ಅಳವಡಿಸಿ ಮಾರುವ ತಂತ್ರಾಂಶದ ವಿಷಯದಲ್ಲಿ ಇಂತಹ ದಾಖಲೆಯನ್ನು ಕೇಳುವವರು ವಿರಳ.

ಇಂದಿನ ಬಹುತೇಕ ತಂತ್ರಾಂಶಗಳು ಮುಕ್ತ ಆಕರದ ಸಿದ್ಧ 'ಲೈಬ್ರರಿ'ಗಳನ್ನು ಬಳಸುತ್ತವೆ. ಅವುಗಳನ್ನು ಜೋಡಿಸುವ ಕ್ರಮಗಳು ಎರಡು. 'ಡೈನಾಮಿಕ್' ಕ್ರಮದಲ್ಲಿ ಲೈಬ್ರರಿಯು ಪ್ರತ್ಯೇಕ ಕಡತವಾಗಿರುತ್ತದೆ. ಅದೊಂದನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ತಂತ್ರಾಂಶಗಳೆಲ್ಲವೂ ಹೊಸದನ್ನೇ ಬಳಸುತ್ತವೆ. 'ಸ್ಟ್ಯಾಟಿಕ್' ಕ್ರಮದಲ್ಲಿ ಲೈಬ್ರರಿಯ ಪ್ರತಿಯು ತಂತ್ರಾಂಶದೊಳಗೇ ಬೆರೆತಿರುತ್ತದೆ. ಗ್ರಾಹಕರ ಗಣಕದಲ್ಲಿ ಆ ಲೈಬ್ರರಿ ಇಲ್ಲದಿದ್ದರೂ ಕೆಲಸ ನಡೆಯುವುದರಿಂದ ಪೂರೈಕೆದಾರರಿಗೆ ಇದು ಅನುಕೂಲಕರ. ಆದರೆ ಲೈಬ್ರರಿಯಲ್ಲಿ ದೋಷ ಕಂಡಾಗ ಪ್ರತಿಯೊಂದು ತಂತ್ರಾಂಶವನ್ನೂ ಹೊಸದಾಗಿ ಸಿದ್ಧಪಡಿಸಿ ಹಂಚಬೇಕಾಗುತ್ತದೆ.

2002ರ ಮಾರ್ಚ್‌ನಲ್ಲಿ 'ಝಡ್‌ಲಿಬ್' ಎಂಬ ಲೈಬ್ರರಿಯ 1.1.3 ಆವೃತ್ತಿಯಲ್ಲಿ ಭದ್ರತಾ ದೋಷ ಬೆಳಕಿಗೆ ಬಂದಿತು. ದತ್ತಾಂಶವನ್ನು ಕುಗ್ಗಿಸಿಡುವ ಈ ಲೈಬ್ರರಿ ಅಸಂಖ್ಯ ತಂತ್ರಾಂಶಗಳಲ್ಲಿ ಬಳಕೆಯಲ್ಲಿತ್ತು. ಸರಿಪಡಿಸಿದ 1.1.4 ಆವೃತ್ತಿ ಕೂಡಲೇ ಬಂದರೂ, ಹಳೆಯ ಪ್ರತಿಯನ್ನು ಒಡಲಲ್ಲಿಟ್ಟುಕೊಂಡ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಬೇಕಾಯಿತು.

ಪರವಾನಗಿಯ ಹೊಣೆಯೂ ಇದರೊಡನೆ ಬರುತ್ತದೆ. ಎಲ್‌ಜಿಪಿಎಲ್ ಪರವಾನಗಿಯ ಲೈಬ್ರರಿಯನ್ನು ಸ್ಟ್ಯಾಟಿಕ್ ಕ್ರಮದಲ್ಲಿ ಬೆರೆಸಿ ಮಾರುವವರು, ಗ್ರಾಹಕರು ಆ ಲೈಬ್ರರಿಯನ್ನು ಬದಲಿಸಿ ಮರುಜೋಡಣೆ ಮಾಡಿಕೊಳ್ಳಲು ಬೇಕಾದ ಕಡತಗಳನ್ನು ಒದಗಿಸಬೇಕು. ತಂತ್ರಾಂಶವನ್ನು ಬರೆಸಿಕೊಂಡು ತಮ್ಮ ಯಂತ್ರದೊಡನೆ ಮಾರುವ ಸಣ್ಣ ಉದ್ದಿಮೆದಾರರಿಗೂ ಈ ಷರತ್ತು ಅನ್ವಯಿಸುತ್ತದೆ.

ಆದುದರಿಂದ ಖರೀದಿ ಒಪ್ಪಂದದಲ್ಲಿ ಮೂರು ಅಂಶಗಳಿರುವುದು ಲೇಸು: ಲೈಬ್ರರಿಗಳ ಹೆಸರು, ಆವೃತ್ತಿ, ಪರವಾನಗಿ ಹಾಗೂ ಜೋಡಣೆಯ ಕ್ರಮವನ್ನು ತಿಳಿಸುವ ಪಟ್ಟಿ, ದೋಷ ಪ್ರಕಟವಾದ ಮೇಲೆ ಎಷ್ಟು ದಿನಗಳೊಳಗೆ ಪರಿಷ್ಕೃತ ತಂತ್ರಾಂಶ ಕೊಡಬೇಕೆಂಬ ಗಡುವು, ಅದರ ವೆಚ್ಚವು ವಾರ್ಷಿಕ ನಿರ್ವಹಣಾ ಶುಲ್ಕದಲ್ಲಿ ಅಡಕವೇ ಎಂಬ ಸ್ಪಷ್ಟನೆ. ಪಟ್ಟಿಯ ತಯಾರಿ ಹೊರೆಯೆಂದು ಪೂರೈಕೆದಾರರು ಹೇಳಬಹುದು. ಆದರೆ ತಂತ್ರಾಂಶವನ್ನು ಸಿದ್ಧಪಡಿಸುವಾಗಲೇ ಇದನ್ನು ತಯಾರಿಸಿಕೊಡುವ ಉಚಿತ ಸಾಧನಗಳಿವೆ. ಕೇಂದ್ರ ಸರ್ಕಾರದ 'ಸರ್ಟ್-ಇನ್' ಸಂಸ್ಥೆಯೂ 2024ರ ಅಕ್ಟೋಬರ್‌ನಲ್ಲಿ ಇಂತಹ ಪಟ್ಟಿಯ ಬಗ್ಗೆ ತಾಂತ್ರಿಕ ಮಾರ್ಗಸೂಚಿಯನ್ನು ಪ್ರಕಟಿಸಿದೆ.

ಸ್ಟ್ಯಾಟಿಕ್ ಕ್ರಮವೇ ತಪ್ಪೆಂದು ಇದರ ಅರ್ಥವಲ್ಲ. ಒಳಗೆ ಏನಿದೆಯೆಂದು ತಿಳಿಯದೆ ಹಣ ತೆರುವುದು ತಪ್ಪು. ಮುಂದಿನ ನಿರ್ವಹಣಾ ಒಪ್ಪಂದವನ್ನು ನವೀಕರಿಸುವ ಮುನ್ನ ಉದ್ದಿಮೆದಾರರು ಈ ಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆಯಲಿ.