ಕೆರೆ ಏರಿಯ ಎಣ್ಣೆ ಅಂಗಡಿ: ಮುಚ್ಚಬೇಕಾದ್ದು ಯಾವ ಬಾಗಿಲು?

ಕರಾವಳಿಯವರಿಗೆ ಕಡಲ ದಂಡೆಯ ಗಡಂಗು ಇದೆ. ಸಂಜೆ ಬಲೆ ಎಳೆದು ದಣಿದವನು ಅಲ್ಲಿ ಕೂತು ಸೇಂದಿ ಕುಡಿದು, ಹುರಿದ ಮೀನು ತಿಂದು ಮನೆ ದಾರಿ ಹಿಡಿಯುತ್ತಾನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಜನಕ್ಕೆ ಕಡಲು ಎಲ್ಲಿಂದ ಬರಬೇಕು? ಮಳೆ ಬಂದರೆ ಕೆರೆ, ಬಾರದಿದ್ದರೆ ಕೆರೆ ಅಂಗಳ. ಆ ಕೆರೆ ಏರಿಯ ಕೆಳಗೋ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೋ ಒಂದು ಪುಟ್ಟ ಎಣ್ಣೆ ಅಂಗಡಿ ಇದ್ದೇ ಇರುತ್ತದೆ.

ಇಂಥ ಅಂಗಡಿಯನ್ನು ಕಾಣದವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರಿದ್ದಾರೆ? ಮುಂದೆ ಕಬ್ಬಿಣದ ಜಾಲರಿ, ಜಾಲರಿಯಲ್ಲಿ ಕೈ ಹಿಡಿಸುವಷ್ಟು ಕಿಂಡಿ. ಒಳಗೆ ಲಕ್ಷ್ಮಿ ಫೋಟೋ, ಊದಿನಕಡ್ಡಿ. ಪಕ್ಕದಲ್ಲಿ ತಗಡಿನ ಮಾಡು, ಎರಡು ಬೆಂಚು, ಒಂದು ಡ್ರಮ್ಮು ನೀರು. ಹೊರಗೆ ತಳ್ಳುಗಾಡಿಯಲ್ಲಿ ಬೇಯಿಸಿದ ಮೊಟ್ಟೆ, ಬೋಟಿ, ಉಪ್ಪು ಹಾಕಿ ಹುರಿದ ಕಡ್ಲೆಕಾಯಿ. ಸಂಜೆ ಆರಕ್ಕೆ ಬಲ್ಬು ಹತ್ತಿತೆಂದರೆ ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಗಾರೆ ಕೆಲಸದವನು, ಸಂತೆಯಲ್ಲಿ ಕುರಿ ಮಾರಿ ಬಂದವನು, ಲಾರಿ ಕ್ಲೀನರು, ಕಚೇರಿಯ ಗುಮಾಸ್ತ. ಗುಮಾಸ್ತ ಮಾತ್ರ ಹಿಂಬಾಗಿಲಿನಿಂದ!

ಈ ಅಂಗಡಿಯ ಬಗ್ಗೆ ಊರಿನಲ್ಲಿ ಎರಡು ಮಾತು. "ಅದಿರೋದ್ರಿಂದ್ಲೇ ಊರು ಹಾಳಾತು" ಅನ್ನುವವರು ಒಂದು ಕಡೆ. "ಇದ್ರೆ ಇರ್ಲಿ ಬಿಡಣ್ಣ, ಅವರ ಪಾಡಿಗೆ ಕುಡ್ದು ಹೋಗ್ತಾರೆ, ಇಲ್ದಿದ್ರೆ ಸಂದಿಗೊಂದು ಅಂಗ್ಡಿ ಹುಟ್ಕೋತದೆ" ಅನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಎರಡನ್ನೂ ತೂಕಕ್ಕೆ ಹಾಕಿ ನೋಡಿದವರು ಕಡಿಮೆ.

ಹೆಂಡ ಹೋಯ್ತು, ಸಾರಾಯಿ ಹೋಯ್ತು, ಕುಡಿತ ಹೋಯ್ತೇ?

ಈ ಬಯಲು ಸೀಮೆಯ ಹಳ್ಳ, ಕೆರೆ ಅಂಚಿನಲ್ಲಿ ಈಚಲು ಮರಕ್ಕೆ ಬರವಿರಲಿಲ್ಲ. ಈಚಲ ಹೆಂಡ ಇಳಿಸಿ ಬದುಕಿದ ಕುಟುಂಬಗಳೂ ಇದ್ದವು. ಕರಾವಳಿಯಲ್ಲಿ ಸೇಂದಿಗೆ ಇಂದಿಗೂ ಪರವಾನಗಿ ಅಂಗಡಿಗಳಿವೆ, ಇಲ್ಲಿ ಹೆಂಡದಂಗಡಿ ಹೇಳಹೆಸರಿಲ್ಲ. ಆಮೇಲೆ ಬಂದದ್ದು ಪ್ಯಾಕೆಟ್ ಸಾರಾಯಿ. ಹಲ್ಲಿನಲ್ಲಿ ಮೂಲೆ ಕಚ್ಚಿ, ಒಂದೇ ಗುಕ್ಕಿಗೆ ಇಳಿಸಿ, ಪ್ಯಾಕೆಟ್ಟನ್ನು ಚರಂಡಿಗೆ ಎಸೆದು ಹೋಗುವ ಕಾಲ ಅದು.

2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಹೆಂಗಸರು ಸಂತೋಷಪಟ್ಟರು. ಸಂತೋಷಪಡಬೇಕಾದ್ದೇ. ಆದರೆ ಕುಡಿಯುವವನು ನಿಲ್ಲಿಸಲಿಲ್ಲ, ಅಂಗಡಿ ಬದಲಾಯಿಸಿದ. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ತೊಂಬತ್ತು ಎಂಎಲ್ ವಿಸ್ಕಿಯ ಪ್ಯಾಕೆಟ್ಟು ಬಂತು. ಹೆಸರು ಇಂಗ್ಲೀಷಿನದಾಯ್ತು, ರೇಟು ಏರಿತು, ಕೂಲಿ ಮಾತ್ರ ಅದೇ ಜೇಬಿನಿಂದ ಹೋಯಿತು.

ಮರುವರ್ಷ, ಅಂದರೆ 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಕುಡಿಯುವ ಆಲ್ಕೋಹಾಲಿನ ಬದಲು ಕಾರ್ಖಾನೆಗೆ ಹೋಗಬೇಕಾದ ಮಿಥೈಲ್ ಆಲ್ಕೋಹಾಲು ಹೊಟ್ಟೆಗೆ ಹೋದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. 1981ರಲ್ಲೂ ಬೆಂಗಳೂರಿನಲ್ಲಿ ಇಂಥದ್ದೇ ದುರಂತ ನಡೆದು ನೂರಾರು ಜನ ಸತ್ತಿದ್ದರು. ಬಾಗಿಲು ಮುಚ್ಚಿ ಬೀಗ ಹಾಕಿದ ಕೂಡಲೇ ಕೆಲಸ ಮುಗಿಯಿತು ಅನ್ನುವವರು ಈ ಎರಡು ಇಸವಿಗಳನ್ನು ಮರೆಯಬಾರದು.

ಕಾನೂನು ಪುಸ್ತಕದಲ್ಲಿ ಎಲ್ಲ ಇದೆ

ಸಿಎಲ್-2 ಪರವಾನಗಿ ಎಂದರೆ ಕೊಂಡುಹೋಗುವ ಅಂಗಡಿ. ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟು, ಅಲ್ಲಿ ಕೂರಬಹುದು. ಎಂಎಸ್ಐಎಲ್ ಮಳಿಗೆಯೂ ಕೊಂಡುಹೋಗುವ ಅಂಗಡಿಯೇ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರವಿರಬೇಕು. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡೊಂದನ್ನು 2023ರ ಜನವರಿಯಲ್ಲಿ ಸರ್ಕಾರ ಹೊರಡಿಸಿ, ಜನ ಬೈದ ಮೇಲೆ ವಾಪಸ್ಸು ತೆಗೆದುಕೊಂಡಿತು. ಸಾರ್ವಜನಿಕ ಜಾಗದಲ್ಲಿ ಕುಡಿಯುವುದೂ ಅಬಕಾರಿ ಕಾಯಿದೆ ಪ್ರಕಾರ ಅಪರಾಧ.

ಹಾಗಿದ್ದ ಮೇಲೆ ಕೊಂಡವನು ಎಲ್ಲಿ ಕುಡಿಯಬೇಕು? ಅಂಗಡಿಯಲ್ಲಿ ಕೂರಬಾರದು, ರಸ್ತೆಯಲ್ಲಿ ಕುಡಿಯಬಾರದು, ಮನೆಗೆ ಒಯ್ದರೆ ಹೆಂಡತಿ ಪೊರಕೆ ಹಿಡಿದು ನಿಂತಿರುತ್ತಾಳೆ. ಹಾಗಾಗಿ ಅವನು ಕೆರೆ ಏರಿಗೆ ಹೋಗುತ್ತಾನೆ, ಶಾಲೆ ಕಾಂಪೌಂಡಿನ ಹಿಂದೆ ಹೋಗುತ್ತಾನೆ, ತೋಟದ ಬದುವಿಗೆ ಹೋಗುತ್ತಾನೆ. ಬೆಳಿಗ್ಗೆ ಅದೇ ಜಾಗದಲ್ಲಿ ಒಡೆದ ಬಾಟಲಿ, ಪ್ಲಾಸ್ಟಿಕ್ ಲೋಟ. ಕುರಿ ಮೇಯಿಸುವ ಹುಡುಗನ ಕಾಲಿಗೆ ಗಾಜು. ಕೆರೆಯಲ್ಲಿ ಮುಳುಗುವುದೂ ಅದೇ ಗಾಜು.

ತಗಡಿನ ಮಾಡಿನ ಕೆಳಗೆ ಎರಡು ಬೆಂಚು ಹಾಕಿದವನು ಕಾನೂನು ಮುರಿದಿದ್ದಾನೆ, ಸರಿ. ಆದರೆ ಅವನ ಬೆಂಚಿನ ಮೇಲೆ ಕೂತವನು ಕಣ್ಣಿಗೆ ಕಾಣುತ್ತಾನೆ. ಜಾಸ್ತಿಯಾದರೆ "ಸಾಕು ಏಳಯ್ಯ, ಮನೆಗೋಗು" ಎಂದು ಹೇಳಲು ಒಬ್ಬ ಯಜಮಾನ ಇದ್ದಾನೆ. ಕತ್ತಲ ಕೆರೆ ಅಂಗಳದಲ್ಲಿ ಹಾಗೆ ಹೇಳುವವರು ಯಾರು?

ಹೆಸರಿಲ್ಲದ ಅಂಗಡಿಗಳು

ನಿಜವಾದ ರೋಗ ಪಟ್ಟಣದ ಬೋರ್ಡು ಹಾಕಿದ ಅಂಗಡಿಯಲ್ಲಿ ಇಲ್ಲ. ಅದು ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿದೆ. ಬೀಡಿ, ಬೆಂಕಿಪೊಟ್ಟಣ, ಶಾಂಪೂ ಚೀಟಿಯ ಹಿಂದೆ ಗೋಣಿಚೀಲದಲ್ಲಿ ನೈಂಟಿ ಪ್ಯಾಕೆಟ್ಟು. ರೇಟು ಎಂಆರ್‌ಪಿ ಮೇಲೆ ಇಷ್ಟು ಅಂತ ಅವನೇ ಕಟ್ಟಿದ್ದು. ಬೆಳಗಿನ ಜಾವ ಐದಕ್ಕೂ ಸಿಗುತ್ತದೆ, ಗಾಂಧಿ ಜಯಂತಿಗೂ ಸಿಗುತ್ತದೆ, ಸಾಲಕ್ಕೂ ಸಿಗುತ್ತದೆ. ಸಾಲಕ್ಕೆ ಸಿಗುವುದೇ ಎಲ್ಲಕ್ಕಿಂತ ಕೆಟ್ಟದ್ದು. ಕಡ್ಲೆಕಾಯಿ ಕಿತ್ತ ದಿನ ಲೆಕ್ಕದ ಪುಸ್ತಕ ಹಿಡಿದುಕೊಂಡು ಅವನು ಕಣದ ಹತ್ತಿರವೇ ಬಂದು ನಿಲ್ಲುತ್ತಾನೆ.

ಇದು ಹೇಗೆ ಬೆಳೆಯಿತು? 1992ರ ನಂತರ ದಶಕಗಳ ಕಾಲ ಸರ್ಕಾರ ಹೊಸದಾಗಿ ಸಿಎಲ್-2, ಸಿಎಲ್-9 ಪರವಾನಗಿ ಕೊಡಲಿಲ್ಲ. ಅಂಗಡಿ ಪೇಟೆಯಲ್ಲಿ, ಕುಡಿಯುವವನು ಹಳ್ಳಿಯಲ್ಲಿ. ನಡುವಿನ ದಾರಿಯನ್ನು ದಲ್ಲಾಳಿ ತುಂಬಿದ.

ಒಂದು ಲೆಕ್ಕ ನೋಡಿ. ಒಬ್ಬ ಮನುಷ್ಯ ತನ್ನ ಬಳಿ ಇಟ್ಟುಕೊಳ್ಳಬಹುದಾದ ಬ್ರಾಂದಿ, ವಿಸ್ಕಿಗೆ 2.3 ಲೀಟರು ಮಿತಿ. ತೊಂಬತ್ತರ ಪ್ಯಾಕೆಟ್ಟಾದರೆ ಇಪ್ಪತ್ತೈದು. ಒಂದು ಪೆಟ್ಟಿಗೆಯಲ್ಲಿ ಇರುವುದು 96 ಪ್ಯಾಕೆಟ್ಟು, ಅಂದರೆ ಎಂಟೂವರೆ ಲೀಟರಿಗೂ ಮೇಲೆ. ಹಾಡುಹಗಲಲ್ಲಿ ಟಿವಿಎಸ್ ಗಾಡಿಯ ಮುಂದೆ ಒಂದು ಪೆಟ್ಟಿಗೆ, ಹಿಂದೆ ಒಂದು ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ದಾರಿ ಹಿಡಿದವನು ಮೇಲುನೋಟಕ್ಕೇ ಕಾನೂನು ಮುರಿದವನು. ಅವನಿಗೆ ಪೆಟ್ಟಿಗೆಗಟ್ಟಲೆ ಮಾರಿದವನೂ ಅಷ್ಟೇ. ಹಿಡಿಯಲು ಗೂಢಚಾರರು ಬೇಕೇ? ಟೀ ಅಂಗಡಿಯ ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಸಾಕು.

ಪಾವಗಡದ ಕಥೆ ಇನ್ನೊಂದು

ಪಾವಗಡಕ್ಕೆ ಸುತ್ತ ಆಂಧ್ರ. ಅಲ್ಲಿ ಕಾನೂನು ಬದಲಾದಾಗಲೆಲ್ಲ ಇಲ್ಲಿಯ ಅಂಗಡಿ ಮುಂದಿನ ಕ್ಯೂ ಬದಲಾಗುತ್ತದೆ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಎಬ್ಬಿಸಿದ ಚಳವಳಿಯ ಬಿಸಿಗೆ ಆಂಧ್ರದಲ್ಲಿ 1993ರಲ್ಲಿ ಸಾರಾಯಿ ನಿಂತಿತು. 1995ರಲ್ಲಿ ಎನ್.ಟಿ. ರಾಮರಾಯರು ಪೂರ್ತಿ ಪಾನನಿಷೇಧ ತಂದರು. 1997ರಲ್ಲಿ ಅದನ್ನು ಸಡಿಲಿಸಲಾಯಿತು. 2019ರ ನಂತರ ಅಲ್ಲಿನ ಸರ್ಕಾರ ಅಂಗಡಿಗಳನ್ನು ತಾನೇ ನಡೆಸಿ ರೇಟು ಏರಿಸಿದಾಗ ಕರ್ನಾಟಕದ ಬಾಟಲಿಗಳು ಗಡಿ ದಾಟಿದವು, ಕೇಸುಗಳು ಬಿದ್ದವು. 2024ರ ಅಕ್ಟೋಬರಿನಲ್ಲಿ ಮತ್ತೆ ಖಾಸಗಿ ಅಂಗಡಿ, 99 ರೂಪಾಯಿಗೆ ಕ್ವಾಟ್ರು. ಲೆಕ್ಕ ಇನ್ನೊಮ್ಮೆ ತಲೆಕೆಳಗಾಯಿತು.

ಇದರಿಂದ ಕಲಿಯಬೇಕಾದ ಪಾಠ ಸರಳ. ಒಂದು ಊರಿನಲ್ಲಿ ಬೀಗ ಹಾಕಿದರೆ ಪಕ್ಕದ ಊರಿನ ಬೀಗ ತೆರೆಯುತ್ತದೆ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ತಾಲ್ಲೂಕಿಗೆ ಒಳ್ಳೆಯ ನೀರು ತರಲು ದಶಕಗಳು ಬೇಕಾದವು. ಎಣ್ಣೆ ಮಾತ್ರ ಯಾವ ಯೋಜನೆಯನ್ನೂ ಕಾಯದೆ ಮನೆ ಬಾಗಿಲಿಗೆ ಬಂತು!

ಖಜಾನೆಯ ನೆಂಟಸ್ತಿಕೆ

ಸರ್ಕಾರ ಈ ಅಂಗಡಿಗಳನ್ನು ಮುಚ್ಚುತ್ತದೆ ಎಂದು ನಂಬುವವರು ಬಜೆಟ್ಟು ಓದಿಲ್ಲ ಎಂದೇ ಅರ್ಥ. ಅಬಕಾರಿಯಿಂದ 2023-24ಕ್ಕೆ ಇಟ್ಟ ಗುರಿ 36,000 ಕೋಟಿ ರೂಪಾಯಿ. 2025-26ಕ್ಕೆ 40,000 ಕೋಟಿ. 2020ರ ಲಾಕ್‌ಡೌನಿನಲ್ಲಿ ನಲವತ್ತು ದಿನ ಮುಚ್ಚಿದ್ದ ಅಂಗಡಿಗಳು ಮೇ 4ರಂದು ತೆರೆದಾಗ ಒಂದೇ ದಿನ 45 ಕೋಟಿ ವ್ಯಾಪಾರವಾಯಿತು. ಇಂಥ ಹಸುವನ್ನು ಯಾವ ಮಂತ್ರಿ ಕೊಟ್ಟಿಗೆಯಿಂದ ಹೊರಗೆ ಅಟ್ಟುತ್ತಾನೆ?

ಗೃಹಲಕ್ಷ್ಮಿಯಲ್ಲಿ ಹೆಂಡತಿಗೆ ತಿಂಗಳಿಗೆ 2,000 ರೂಪಾಯಿ. ಗಂಡ ದಿನಕ್ಕೆ ನೂರು ರೂಪಾಯಿ ಕುಡಿದರೆ ತಿಂಗಳಿಗೆ 3,000. ಈ ಲೆಕ್ಕಕ್ಕೆ ಮೇಷ್ಟರು ಬೇಕಿಲ್ಲ. ದಿನಸಿ ಅಂಗಡಿಯ ಯಜಮಾನರನ್ನು ಕೇಳಿ, ಯಾವ ಮನೆಯ ಬಾಕಿ ಯಾಕೆ ತೀರಿಲ್ಲವೆಂದು ಅವರು ಬಾಯಿಪಾಠ ಹೇಳುತ್ತಾರೆ. ಎಣ್ಣೆ ಅಂಗಡಿಗೆ ನಗದು, ಅಕ್ಕಿ ಬೇಳೆಗೆ ಸಾಲ!

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಪಾನನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಹೆದ್ದಾರಿ ಹಿಡಿದು ನಡೆದರು. ಅವರ ಕಾಲಿನ ಬೊಬ್ಬೆ ಸುಳ್ಳಲ್ಲ, ಮನೆಯ ಕಣ್ಣೀರೂ ಸುಳ್ಳಲ್ಲ. ಪೂರ್ತಿ ನಿಷೇಧ ಬರಲಿಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. ಹಾಗೆಂದು ಆ ತಾಯಂದಿರು ಕೇಳಿದ್ದರಲ್ಲಿ ಕೊಡಬಹುದಾದ್ದನ್ನೂ ಕೊಡದೆ ಇರುವುದು ನ್ಯಾಯವೇ?

ಸಂಜೆಯ ಬಸ್ಸಿನವರು

ಇನ್ನೊಂದು ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹತ್ತುವ ಹೆಂಗಸರು ಹೆಚ್ಚಿದ್ದಾರೆ. ಗಾರ್ಮೆಂಟ್ಸಿನಿಂದ ಬರುವವರು, ಕಾಲೇಜಿನ ಹುಡುಗಿಯರು, ಶನಿವಾರ ಪಾವಗಡದ ಶನಿಮಹಾತ್ಮನಿಗೋ ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಗೋ ಹೋಗಿ ಕತ್ತಲಾಗುವಾಗ ಇಳಿಯುವವರು. ಬಸ್ ಸ್ಟ್ಯಾಂಡಿನ ಬಾಯಲ್ಲೇ ಎಣ್ಣೆ ಅಂಗಡಿ, ಅದರ ಮುಂದೆ ತೂರಾಡುವ ಜನ, ಲೈಟು ಕೆಟ್ಟ ಕಂಬ ಇದ್ದರೆ ಟಿಕೆಟ್ ಪುಕ್ಕಟೆಯಾಗಿ ಏನು ಸುಖ? ಕಡೇ ಬಸ್ಸಿನಲ್ಲಿ ಕುಡಿದವನೊಬ್ಬ ಹತ್ತಿದರೆ ಕಂಡಕ್ಟರಿಗೂ ಕಷ್ಟ, ಪಕ್ಕದ ಸೀಟಿನವರಿಗೂ ಕಷ್ಟ.

ಅಕ್ಕಪಕ್ಕದ ಅಂಗಡಿಯವರ ಪಾಡೂ ಇದೇ. ಬಟ್ಟೆ ಅಂಗಡಿ, ಬಳೆ ಅಂಗಡಿ, ಟೈಲರು, ಇವರಿಗೆಲ್ಲ ಸಂಜೆ ಆರರ ಮೇಲೆ ಹೆಣ್ಣುಮಕ್ಕಳ ಗಿರಾಕಿ ನಿಂತು ಹೋದರೆ ಬಾಡಿಗೆ ಕಟ್ಟುವುದು ಹೇಗೆ?

ಆಗಬೇಕಾದ್ದು ಇಷ್ಟು

ಕಷ್ಟದ ಕೆಲಸ ಒಂದೂ ಇಲ್ಲ. ಪ್ರತಿ ಅಂಗಡಿಯ ಮುಂದೆ ಎಂಆರ್‌ಪಿ ಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿಸಲಿ. ಬಿಲ್ಲು ಕೊಡದವನಿಗೆ ದಂಡ ಬೀಳಲಿ. ಹಳ್ಳಿಯಲ್ಲಿ ಸಿಕ್ಕ ಬಾಟಲಿಯ ಮೇಲೆ ಇಲಾಖೆಯ ಚೀಟಿ ಇರುತ್ತದೆ, ಚೀಟಿಯಲ್ಲಿ ನಂಬರು ಇರುತ್ತದೆ. ಪೆಟ್ಟಿಗೆ ಅಂಗಡಿಯ ಮುದುಕಿಯ ಮೇಲೆ ಕೇಸು ಹಾಕಿ ಫೋಟೋ ತೆಗೆಸಿಕೊಳ್ಳುವ ಬದಲು ಆ ನಂಬರು ಹಿಡಿದು ಮಾಲು ಹೊರಬಿದ್ದ ಅಂಗಡಿಗೆ ಹೋಗಲಿ. ಒಂದು ಪರವಾನಗಿ ಅಮಾನತಾದರೆ ಹತ್ತು ಹಳ್ಳಿಯ ಗೋಣಿಚೀಲ ಖಾಲಿಯಾಗುತ್ತದೆ.

ಬಸ್ ಸ್ಟ್ಯಾಂಡಿನ ಬಾಯಲ್ಲಿರುವ ಅಂಗಡಿಗಳನ್ನು ಪಕ್ಕಕ್ಕೆ ಸರಿಸಲಿ. ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೆದ್ದಾರಿ ಬದಿಯ ಅಂಗಡಿಗಳನ್ನು ದೂರ ಸರಿಸಲು ಹೇಳಿದಾಗ ಎಷ್ಟೋ ಅಂಗಡಿಗಳು ಸರಿದವು. ಆಮೇಲೆ ಪಟ್ಟಣಗಳಿಗೆ ವಿನಾಯಿತಿ ಸಿಕ್ಕಿತು, ಆ ಮಾತು ಬೇರೆ. ಸರಿಸಲು ಬರುತ್ತದೆ ಎಂಬುದಂತೂ ಗೊತ್ತಾಯಿತಲ್ಲ! ಕೆರೆ ಏರಿಗೆ ಸಂಜೆ ಹೊತ್ತು ಒಬ್ಬ ಪೇದೆ, ಒಂದು ಲೈಟು ಇರಲಿ. ಕುಡಿತ ಬಿಡಬೇಕೆನ್ನುವವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ವಾರಕ್ಕೊಮ್ಮೆ ಒಬ್ಬ ಡಾಕ್ಟರು ಸಿಗಲಿ. 40,000 ಕೋಟಿಯಲ್ಲಿ ಇದಕ್ಕೆ ಚಿಲ್ಲರೆ ಸಾಕು.

ಅಂಗಡಿಯ ಯಜಮಾನರಿಗೂ ಒಂದು ಮಾತು. ಮೀಸೆ ಮೂಡದ ಹುಡುಗನಿಗೆ ಕಿಂಡಿಯಿಂದ ಕೈ ಚಾಚಬೇಡಿ. ಕಾಲು ನಿಲ್ಲದವನಿಗೆ ಇನ್ನೊಂದು ನೈಂಟಿ ಕೊಡಬೇಡಿ. ನಿಮ್ಮ ಅಂಗಡಿಯ ಕೆಟ್ಟ ಹೆಸರಿನಲ್ಲಿ ಅರ್ಧ ಕುಡಿಯುವವನದು, ಇನ್ನರ್ಧ ನಿಮ್ಮದೇ.

ಬೋರ್ಡು, ಬಲ್ಬು, ಬಿಲ್ಲು ಇರುವ ಅಂಗಡಿಯನ್ನು ತಿದ್ದಬಹುದು, ಬೈಯಬಹುದು, ಬೇಕಾದರೆ ಮುಚ್ಚಿಸಲೂಬಹುದು. ಗೋಣಿಚೀಲದ ಅಂಗಡಿಗೆ ಬಾಗಿಲೇ ಇಲ್ಲ, ಬೀಗ ಎಲ್ಲಿ ಹಾಕುವುದು? ಮೊದಲು ಹೋಗಬೇಕಾದ್ದು ಆ ಚೀಲ. ನಾಲ್ಕೂ ತಾಲ್ಲೂಕಿನ ಅಬಕಾರಿ ಮತ್ತು ಪೊಲೀಸು ಅಧಿಕಾರಿಗಳು ಒಂದು ಸಂಜೆ ಜೀಪಿನಿಂದ ಇಳಿದು, ಹಳ್ಳಿ ದಾರಿಯಲ್ಲಿ ನಿಂತು, ಟಿವಿಎಸ್ ಗಾಡಿಯ ಪೆಟ್ಟಿಗೆ ಎಣಿಸುವರೇ?