ಗಗನಗಾಮಿಗೆ ನೆಲದ ಕಟ್ಟಳೆ

ಅಮೆರಿಕದ ಫೋರ್ಟ್‌ವರ್ತ್ ನಗರದಲ್ಲಿ 1946ರ ಆಗಸ್ಟ್ 8ರಂದು ಒಂದು ದೈತ್ಯ ವಿಮಾನವು ಮೊದಲ ಬಾರಿಗೆ ನೆಲವನ್ನು ಬಿಟ್ಟು ಮೇಲೇರಿತು. ಕಾನ್ವೇರ್ ಕಾರ್ಖಾನೆಯಲ್ಲಿ ಸಿದ್ಧವಾದ ಆ ಬಾಂಬರ್ ವಿಮಾನದ ಹೆಸರು ಎಕ್ಸ್‌ಬಿ-36. ಸಾಗರವನ್ನು ದಾಟಿ ಹೋಗಿ, ನಡುವೆ ಎಲ್ಲಿಯೂ ಇಳಿಯದೆ ಹಿಂದಿರುಗಬೇಕೆಂಬುದು ಅದನ್ನು ಕಲ್ಪಿಸಿದವರ ಹಂಬಲ. ಆದರೆ ಸಾಗರವನ್ನೇ ಲಂಘಿಸಬಲ್ಲ ಈ ಜಗಜಟ್ಟಿಗೆ ಅಷ್ಟು ವಿಶಾಲವಾದ ಅಮೆರಿಕ ದೇಶದಲ್ಲಿ ಕಾಲೂರಲು ದೊರೆತ ನಿಲ್ದಾಣಗಳು ಮೂರೇ ಮೂರು! ರೆಕ್ಕೆಗಳ ಕೆಳಗೆ, ಎಡಕ್ಕೊಂದು ಬಲಕ್ಕೊಂದರಂತೆ, 110 ಅಂಗುಲ ಎತ್ತರದ ಎರಡೇ ಚಕ್ರಗಳು. ಅವುಗಳ ಪಕ್ಕದಲ್ಲಿ ನಿಂತ ಆಳು ಕುಬ್ಜನಂತೆ ಕಾಣುತ್ತಿದ್ದನು. ವಿಮಾನದ ಭಾರವೆಲ್ಲ ಆ ಎರಡು ಚಕ್ರಗಳು ನೆಲವನ್ನು ಮುಟ್ಟುವ ಅಂಗೈ ಅಗಲದ ಜಾಗಗಳ ಮೇಲೆಯೇ ಬೀಳುತ್ತಿದ್ದುದರಿಂದ, 22 ಅಂಗುಲ ದಪ್ಪದ ಕಾಂಕ್ರೀಟು ಇಲ್ಲದೆಡೆ ಅದಕ್ಕೆ ಪ್ರವೇಶವಿರಲಿಲ್ಲ.

ಅಂಗೈ ಅಗಲವೆಂಬುದು ಮಾತಿಗೆ ಬಂದ ಉತ್ಪ್ರೇಕ್ಷೆ. ಆದರೂ ಸಂಗತಿ ಸುಳ್ಳಲ್ಲ. ಕೆಸರುಗದ್ದೆಯಲ್ಲಿ ಬರಿಗಾಲಿಟ್ಟವನು ಮೊಳಕಾಲಿನವರೆಗೆ ಹೂತುಹೋಗುತ್ತಾನೆ. ಹಲಗೆ ಹಾಸಿಕೊಂಡು ನಡೆದವನು ಹೂಳುವುದಿಲ್ಲ. ಆಳು ಅವನೇ, ತೂಕವೂ ಅಷ್ಟೇ. ಕಾನ್ವೇರ್ ಕಂಪನಿಯ ಎಂಜಿನಿಯರುಗಳು ಮಾಡಿದ್ದೂ ಇದನ್ನೇ. ಒಂದು ಹಿರಿಚಕ್ರದ ಬದಲು ನಾಲ್ಕು ಕಿರಿಚಕ್ರಗಳ ಗುಂಪನ್ನು ಜೋಡಿಸಿದರು. ಮುಚ್ಚಿದ್ದ ಎಷ್ಟೋ ನಿಲ್ದಾಣಗಳ ಬಾಗಿಲು ಆ ವಿಮಾನಕ್ಕೆ ತೆರೆಯಿತು.

ಕಾಂಕ್ರೀಟಾಗಲಿ ಡಾಂಬರಾಗಲಿ ಮೇಲ್ಹೊದಿಕೆ ಮಾತ್ರ. ಕೊನೆಗೆ ಭಾರವನ್ನು ಹೊರುವುದು ಅದರಡಿಯ ಮಣ್ಣು. ಆ ಮಣ್ಣಿನ ಕಸುವನ್ನು ಅಳೆಯಲು ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿದ್ದ ಪೋರ್ಟರ್ ಎಂಬ ಎಂಜಿನಿಯರು 1920ರ ದಶಕದ ಕೊನೆಯಲ್ಲಿ ಒಂದು ಸರಳ ಪರೀಕ್ಷೆಯನ್ನು ರೂಪಿಸಿದನು. ಒಂದು ಉಕ್ಕಿನ ಕೊರಡನ್ನು ಮಣ್ಣಿನೊಳಕ್ಕೆ ಒತ್ತುವುದು. ಉತ್ತಮ ಜಲ್ಲಿಯೊಳಕ್ಕೆ ಅದೇ ಕೊರಡು ಅಷ್ಟೇ ಆಳಕ್ಕಿಳಿಯಲು ಬೇಕಾಗುವ ಬಲದಲ್ಲಿ ಇದು ನೂರಕ್ಕೆ ಎಷ್ಟು ಪಾಲೆಂದು ಲೆಕ್ಕ ಹಾಕುವುದು. ಎರಡನೆಯ ಮಹಾಯುದ್ಧದ ತುರ್ತಿನಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ವಿಮಾನ ನಿಲ್ದಾಣಗಳಿಗಾಗಿ ಈ ರಸ್ತೆಯ ವಿದ್ಯೆಯನ್ನೇ ಎರವಲು ತಂದರು. ಇಂದಿಗೂ ಅದು ಬಳಕೆಯಲ್ಲಿದೆ.

ವಿಮಾನದ ಒಟ್ಟು ತೂಕವನ್ನಷ್ಟೇ ನೋಡಿ ತೀರ್ಪು ಕೊಡುವವರು ಮೋಸ ಹೋಗುವುದು ಇಲ್ಲಿಯೇ. ಬೋಯಿಂಗ್ 747-400ರ ಪೂರ್ಣ ತೂಕ ಸುಮಾರು 397 ಟನ್. ಮುಖ್ಯ ಚಕ್ರಗಳು 16. ಅದಕ್ಕಿಂತ ಹಗುರವಾದ, ಸುಮಾರು 351 ಟನ್ನಿನ, ಬೋಯಿಂಗ್ 777-300ಇಆರ್ ವಿಮಾನಕ್ಕೆ ಇರುವ ಮುಖ್ಯ ಚಕ್ರಗಳು 12 ಮಾತ್ರ. ಆದುದರಿಂದ ಹಿರಿಯಣ್ಣನನ್ನು ಸುಖವಾಗಿ ಹೊತ್ತ ಓಡುದಾರಿಯು ಕಿರಿಯನನ್ನು ಕಂಡು ನಿಟ್ಟುಸಿರು ಬಿಡುವುದುಂಟು. 575 ಟನ್ನಿನ ಏರ್‌ಬಸ್ ಎ380 ವಿಮಾನಕ್ಕಾದರೋ 20 ಮುಖ್ಯ ಚಕ್ರಗಳು; ಒಂದೊಂದರ ಪಾಲಿಗೆ ಬೀಳುವ ಹೊರೆ 777ರದಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ.

ಇನ್ನೊಂದು ತಪ್ಪು ಭಾವನೆಯೂ ಪ್ರಚಲಿತವಾಗಿದೆ. ವಿಮಾನ ಧೊಪ್ಪನೆ ಇಳಿಯುವಾಗಲೇ ನೆಲಕ್ಕೆ ಪೆಟ್ಟು ಹೆಚ್ಚೆಂದು ಪ್ರಯಾಣಿಕರು ಬಗೆಯುವುದು ಸಹಜ. ನಿಜಸ್ಥಿತಿ ಬೇರೆ. ಇಳಿಯುವ ವೇಳೆಗೆ ಇಂಧನವು ಬಹುಪಾಲು ಉರಿದುಹೋಗಿರುತ್ತದೆ, ರೆಕ್ಕೆಗಳು ಇನ್ನೂ ಭಾರದ ಒಂದಂಶವನ್ನು ಹಿಡಿದಿರುತ್ತವೆ. ನೆಲವನ್ನು ನಿಜವಾಗಿ ನೋಯಿಸುವುದು ದೂರದೇಶಕ್ಕೆ ಹೊರಟ ವಿಮಾನ. ತೊಟ್ಟಿಗಳನ್ನು ತುಂಬಿಕೊಂಡು, ಆಮೆಯಂತೆ ತೆವಳುತ್ತ, ಓಡುದಾರಿಯ ತುದಿಯಲ್ಲಿ ಅಪ್ಪಣೆಗಾಗಿ ಕಾದು ನಿಲ್ಲುವ ಆ ಕೆಲವು ನಿಮಿಷಗಳಲ್ಲಿ ಅದರ ಪ್ರತಿಯೊಂದು ಪೌಂಡೂ ಮಣ್ಣಿನ ಮೇಲಿರುತ್ತದೆ.

ದುರ್ಬಲವಾದ ಓಡುದಾರಿಯು ದೂರಪ್ರಯಾಣಕ್ಕೇ ಮೊದಲು ಅಡ್ಡಬರುವುದು ಈ ಕಾರಣದಿಂದ. 777-300ಇಆರ್ ತುಂಬಿಕೊಳ್ಳಬಲ್ಲ ಇಂಧನವೇ ಸುಮಾರು 145 ಟನ್. ನೆಲ ತಾಳದೆಂದಾದರೆ ತೂಕ ಇಳಿಸಬೇಕು. ಜನರನ್ನೂ ಸರಕನ್ನೂ ಬಿಟ್ಟು ಹೋದರೆ ಕಂಪನಿಗೆ ನಷ್ಟ. ಇಂಧನವನ್ನು ಬಿಟ್ಟು ಹೋದರೆ ನಡುದಾರಿಯ ಇನ್ನಾವುದೋ ಊರಿನಲ್ಲಿ ಇಳಿದು ತುಂಬಿಸಿಕೊಳ್ಳಬೇಕು.

ಈ ಲೆಕ್ಕಾಚಾರ ಊರಿಗೊಂದು ಬಗೆಯಾಗಬಾರದೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1981ರಲ್ಲಿ ಒಂದು ಕ್ರಮವನ್ನು ಜಾರಿಗೆ ತಂದಿತು: ವಿಮಾನಕ್ಕೊಂದು ಅಂಕ, ನೆಲಗಟ್ಟಿಗೊಂದು ಅಂಕ. ಗುಣಿಸುವ ರೀತಿ 2024ರಲ್ಲಿ ಬದಲಾದರೂ ತತ್ತ್ವ ಅದೇ. ವಿಮಾನದ ಅಂಕವು ನೆಲದ ಅಂಕವನ್ನು ಮೀರದಿದ್ದರೆ ನಿರಾತಂಕ. ಮೀರಿದರೆ ನೆಲವು ಒಡನೆಯೇ ಬಿರುಕು ಬಿಡುವುದೆಂದೇನೂ ಅಲ್ಲ. ಬಿಟ್ಟಿದ್ದರೆ ಅಧಿಕಾರಿಗಳ ಕೆಲಸ ಸುಲಭವಾಗುತ್ತಿತ್ತು! ಹಾನಿ ಒಳಗೊಳಗೇ ಕೂಡುತ್ತ ಹೋಗಿ, ಇಪ್ಪತ್ತು ವರ್ಷ ಬಾಳಬೇಕಾದ ಓಡುದಾರಿಯು ಎಷ್ಟೋ ಮುಂಚೆಯೇ ಮುಪ್ಪಡರುತ್ತದೆ. ಆಗ ದುರಸ್ತಿಗಾಗಿ ಅದನ್ನು ಮುಚ್ಚಿದರೆ ತೊಂದರೆಯಾಗುವುದು ಹಗುರ ವಿಮಾನಗಳಲ್ಲಿ ಓಡಾಡುವವರಿಗೂ.

ಆದರೂ ಅಪರೂಪಕ್ಕೊಮ್ಮೆ ವಿನಾಯಿತಿ ಕೇಳಿಕೊಂಡು ಬರುವವರಿದ್ದಾರೆ. 1981ರ ಕ್ರಮ ಅದಕ್ಕೂ ಎಡೆಯಿತ್ತಿತು: ಡಾಂಬರಿನ ನೆಲದಲ್ಲಿ ಅಂಕವನ್ನು ನೂರಕ್ಕೆ 10ರಷ್ಟು, ಕಾಂಕ್ರೀಟಿನಲ್ಲಿ 5ರಷ್ಟು ಮೀರಬಹುದು, ಅಂತಹ ಸಂಚಾರ ವರ್ಷದ ಒಟ್ಟು ಸಂಚಾರದಲ್ಲಿ ನೂರಕ್ಕೆ 5ನ್ನು ದಾಟಕೂಡದು. ನೆಲಗಟ್ಟಿನಲ್ಲಿ ಆಗಲೇ ಶಿಥಿಲತೆಯ ಗುರುತು ಕಂಡಿದ್ದರೆ, ಅಥವಾ ಅಡಿಯ ಮಣ್ಣು ನೀರು ಕುಡಿದು ಸಡಿಲಗೊಂಡಿದ್ದರೆ, ಈ ರಿಯಾಯಿತಿಯೂ ಇಲ್ಲ.